ಗಂಟೆ ಬಡಿಯುತ್ತದೆ, ಮೈ ಏಳುವುದಿಲ್ಲ

ರಾತ್ರಿ ಮಲಗುವ ಮೊದಲು ಮುಂಬಾಗಿಲ ಚಿಲಕ ಹಾಕಬೇಕೆಂದು ನಮಗೆ ಯಾರೂ ನೆನಪಿಸುವುದಿಲ್ಲ. ಬೆಳಿಗ್ಗೆ ಹಲ್ಲುಜ್ಜುವುದಕ್ಕೆಂದು ಅಲಾರಾಂ ಇಟ್ಟುಕೊಂಡವರು ಸಿಗುವುದು ಅಪರೂಪ. ಸ್ನಾನ ಮುಗಿಸಿ ದೇವರ ಮುಂದೆ ದೀಪ ಹಚ್ಚುವವರ ಫೋನಿನಲ್ಲಿ ‘ದೀಪ’ ಎಂಬ ರಿಮೈಂಡರ್ ಇರುವುದಿಲ್ಲ. ಹೇಳುವವರಿಲ್ಲದಿದ್ದರೂ ಇವೆಲ್ಲ ವರ್ಷಗಟ್ಟಲೆ ನಡೆದುಕೊಂಡು ಹೋಗುತ್ತವೆ.

ಇನ್ನೊಂದು ಕಡೆ, ದಿನವೂ ತಪ್ಪದೆ ಹೇಳಿಸಿಕೊಳ್ಳುವ ಕೆಲಸವೊಂದಿದೆ. ಎಂಟೊಂಬತ್ತು ಗಂಟೆ ಕುರ್ಚಿಯಲ್ಲಿ ಕೂತು ಸೊಂಟ ಹಿಡಿದುಕೊಂಡವರು, ಕತ್ತು ಹೊರಳಿಸಲಾಗದೆ ಇಡೀ ಮೈಯನ್ನೇ ತಿರುಗಿಸಿ ಮಾತಾಡುವವರು ಫಿಸಿಯೋಥೆರಪಿಸ್ಟ್ ಬಳಿಗೆ ಹೋಗುತ್ತಾರೆ. ಬರುವಾಗ ಕೈಯಲ್ಲಿ ನಾಲ್ಕೈದು ಚಿತ್ರಗಳಿರುವ ಹಾಳೆಯೊಂದು ಇರುತ್ತದೆ: ಈ ಕಾಲು ಹಿಂದಕ್ಕೆ, ಆ ಕೈ ಮೇಲಕ್ಕೆ. ಅದೇ ರಾತ್ರಿ ಫೋನಿನಲ್ಲಿ ‘ಸಂಜೆ 7, ಸ್ಟ್ರೆಚಿಂಗ್’ ಎಂದು ಬರೆದಿಡುತ್ತಾರೆ. ಬೆಚ್ಚಿಬೀಳಿಸುವ ಸದ್ದು ಬೇಡವೆಂದು ಮೆಲ್ಲನೆ ಟಿಂಗ್ ಎನ್ನುವುದನ್ನೇ ಆರಿಸುತ್ತಾರೆ. ಮೊದಲ ವಾರ ಟಿಂಗ್ ಎಂದೊಡನೆ ಎದ್ದು ಚಾಪೆ ಹಾಸುತ್ತಾರೆ. ಎರಡನೆಯ ವಾರ ‘ಇದೊಂದು ಮೇಲ್ ಕಳಿಸಿ ಏಳೋಣ’ ಎಂಬಲ್ಲಿಗೆ ಬರುತ್ತದೆ. ಮುಂದೊಂದು ದಿನ, ಬಂದ ಸಂದೇಶವನ್ನು ಕಣ್ಣು ಓದುವ ಮೊದಲೇ ಬೆರಳು ಅದನ್ನು ಪಕ್ಕಕ್ಕೆ ಸರಿಸಿಬಿಟ್ಟಿರುತ್ತದೆ. ಟಿಂಗ್ ನಿಂತಿಲ್ಲ, ಸ್ಟ್ರೆಚಿಂಗ್ ನಿಂತಿದೆ.

ಯಾರೂ ಹೇಳದ ಕೆಲಸ ನಡೆಯುತ್ತದೆ, ದಿನಾ ಹೇಳಿಸಿಕೊಂಡ ಕೆಲಸ ನಿಂತುಹೋಗುತ್ತದೆ. ಇದೇಕೆ ಹೀಗೆ?

‘ನನಗೆ ಶಿಸ್ತಿಲ್ಲ, ನಾನು ಸೋಮಾರಿ’ ಎಂಬ ಉತ್ತರ ಎಲ್ಲರ ಬಾಯಲ್ಲೂ ಸಿದ್ಧವಾಗಿರುತ್ತದೆ. ಈ ಉತ್ತರ ತಪ್ಪು ಎಂದು ನಾನು ನಂಬಿದ್ದೇನೆ. ಅದು ಅನ್ಯಾಯವೂ ಹೌದು, ಏಕೆಂದರೆ ನೋವಿನಲ್ಲಿರುವ ಮನುಷ್ಯನ ತಲೆಯ ಮೇಲೆ ಅದು ತಪ್ಪಿತಸ್ಥನೆಂಬ ಭಾರವನ್ನೂ ಹೇರುತ್ತದೆ. ರಾತ್ರಿ ಚಿಲಕ ಮರೆಯದವನೂ ಸಂಜೆ ಸ್ಟ್ರೆಚಿಂಗ್ ಬಿಟ್ಟವನೂ ಒಬ್ಬನೇ. ಶಿಸ್ತೇ ಕಾರಣವಾಗಿದ್ದರೆ ಎರಡೂ ಒಟ್ಟಿಗೆ ಕೆಡಬೇಕಿತ್ತು. ವ್ಯತ್ಯಾಸವಿರುವುದು ಆ ಎರಡು ಕೆಲಸಗಳನ್ನು ನರಮಂಡಲ ಕಟ್ಟಿಕೊಂಡ ರೀತಿಯಲ್ಲಿ.

ಕಡಲ ಬಸವನಹುಳು ಕಲಿತದ್ದು

ರೈಲು ಹಳಿಯ ಪಕ್ಕದ ಮನೆಗೆ ಹೊಸದಾಗಿ ಬಂದವರಿಗೆ ಮೊದಲ ಕೆಲವು ರಾತ್ರಿ ನಿದ್ದೆ ಇರುವುದಿಲ್ಲ. ಕೆಲವು ವಾರ ಕಳೆದರೆ, ‘ಈಗ ಹೋದದ್ದು ಯಾವ ರೈಲು?’ ಎಂದು ನೆಂಟರು ಕೇಳಿದಾಗಲೇ ರೈಲು ಹೋದದ್ದು ಅವರ ಗಮನಕ್ಕೆ ಬರುವುದು. ಇದನ್ನು ಒಗ್ಗಿಕೆ ಎಂದು ಕರೆಯೋಣ. ವಿಜ್ಞಾನಿಗಳು ಹ್ಯಾಬಿಚುಯೇಷನ್ ಎನ್ನುವುದು ಇದನ್ನೇ. ಮತ್ತೆ ಮತ್ತೆ ಬಂದು, ಒಳ್ಳೆಯದನ್ನೂ ಕೆಟ್ಟದ್ದನ್ನೂ ತರದೆ ಹೋಗುವ ಸಂಗತಿಗೆ ಸ್ಪಂದಿಸುವುದನ್ನು ನರಮಂಡಲ ಕಡಿಮೆ ಮಾಡುತ್ತಾ ಹೋಗುತ್ತದೆ.

ಇದರ ಒಳಗುಟ್ಟನ್ನು ಬಿಡಿಸಿದವರಲ್ಲಿ ಮುಖ್ಯರು ಎರಿಕ್ ಕ್ಯಾಂಡೆಲ್. ವಿಯೆನ್ನಾದಲ್ಲಿ 1929ರಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಮೆರಿಕಕ್ಕೆ ಹೋಗಿ ನೆಲೆಸಿದವರು. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಆ ಕಾಡಿನಲ್ಲಿ ಒಂದು ಎಳೆಯನ್ನು ಹಿಡಿದು ಹೋಗುವುದು ಆಗದ ಮಾತು. ಆದ್ದರಿಂದ ಅವರು ಅಪ್ಲಿಸಿಯಾ ಎಂಬ ಕಡಲ ಬಸವನಹುಳುವನ್ನು ಆರಿಸಿಕೊಂಡರು. ಅದಕ್ಕಿರುವುದು ಸುಮಾರು 20,000 ನರಕೋಶ, ಅವುಗಳಲ್ಲಿ ಕೆಲವು ಬರಿಗಣ್ಣಿಗೂ ಕಾಣುವಷ್ಟು ದೊಡ್ಡವು. ಅದರ ಬೆನ್ನ ಮೇಲೆ ನೀರು ಹೊರಹಾಕುವ ಪುಟ್ಟ ಕೊಳವೆಯೊಂದಿದೆ. ಅದನ್ನು ಮೆಲ್ಲಗೆ ಮುಟ್ಟಿದರೆ ಹುಳು ತನ್ನ ಕಿವಿರನ್ನು ಸರಕ್ಕನೆ ಒಳಗೆಳೆದುಕೊಳ್ಳುತ್ತದೆ. ಮತ್ತೆ ಮುಟ್ಟಿದರೆ ಸ್ವಲ್ಪ ಕಡಿಮೆ ಎಳೆಯುತ್ತದೆ. ಹತ್ತನೆಯ ಸ್ಪರ್ಶದ ಹೊತ್ತಿಗೆ ಕಿವಿರು ಅಲುಗುವುದೇ ಅಲ್ಪ.

ಹುಳುವಿಗೆ ದಣಿವಾಯಿತೇ? ಇಲ್ಲ. ಬಾಲಕ್ಕೊಂದು ಸಣ್ಣ ಆಘಾತ ಕೊಟ್ಟರೆ, ಮುಂದಿನ ಸ್ಪರ್ಶಕ್ಕೆ ಕಿವಿರು ಮತ್ತೆ ಮೊದಲಿನ ಜೋರಿನಲ್ಲೇ ಒಳಸರಿಯುತ್ತದೆ. ಬದಲಾವಣೆಯಾದದ್ದು ಎರಡು ಕೋಶಗಳ ನಡುವಿನ ಸಂದಿಯಲ್ಲಿ. ಸ್ಪರ್ಶವನ್ನು ಅರಿಯುವ ಕೋಶ ಸ್ನಾಯುವನ್ನು ಎಳೆಯುವ ಕೋಶಕ್ಕೆ ರಾಸಾಯನಿಕದ ಮೂಲಕ ಸುದ್ದಿ ಕಳಿಸುತ್ತದೆ. ಪ್ರತಿ ಸಲ ಮುಟ್ಟಿದಾಗಲೂ ಹೊರಬೀಳುವ ರಾಸಾಯನಿಕ ಕಡಿಮೆಯಾಗುತ್ತಾ ಹೋಗುತ್ತದೆ. ಹತ್ತು ಸ್ಪರ್ಶಗಳ ಒಂದು ಸುತ್ತಿನ ಪರಿಣಾಮ ಬೇಗ ಅಳಿಸಿಹೋಗುತ್ತದೆ. ಅಂಥ ನಾಲ್ಕು ಸುತ್ತುಗಳನ್ನು ಬಿಡುವು ಕೊಟ್ಟು ಮಾಡಿಸಿದರೆ ವಾರಗಟ್ಟಲೆ ಉಳಿಯುತ್ತದೆ. ಹಾಗೆ ಉಳಿದಾಗ ಕೋಶಗಳ ನಡುವಿನ ಕೊಂಡಿಗಳ ಸಂಖ್ಯೆಯೇ ಇಳಿದಿರುತ್ತದೆ. ನೆನಪು ನರಕೋಶಗಳಲ್ಲಿ ಹೇಗೆ ಅಚ್ಚಾಗುತ್ತದೆ ಎಂಬುದನ್ನು ತೋರಿಸಿದ ಕೆಲಸಕ್ಕಾಗಿ ಕ್ಯಾಂಡೆಲ್ 2000ದ ನೊಬೆಲ್ ಬಹುಮಾನ ಹಂಚಿಕೊಂಡರು.

ಸಂಜೆ ಏಳರ ಟಿಂಗ್ ಆ ಮೆದು ಸ್ಪರ್ಶದ ಸಾಲಿಗೇ ಸೇರುತ್ತದೆ. ದಿನವೂ ಬಂದಿತು, ಎದ್ದಾಗಲೂ ಏನೂ ಆಗಲಿಲ್ಲ, ಏಳದಿದ್ದಾಗಲೂ ಏನೂ ಆಗಲಿಲ್ಲ. ಆಮೇಲೆ ಮಿದುಳು ಅದರ ಹಿಂದೆ ಶಕ್ತಿ ವ್ಯಯ ಮಾಡುವುದನ್ನು ಬಿಟ್ಟಿತು.

ಹಾಗಿದ್ದರೆ ಸದ್ದು ಜೋರಾಗಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಒಗ್ಗಿಕೆಯ ಲಕ್ಷಣಗಳನ್ನು ಪಟ್ಟಿ ಮಾಡಿದ ರಿಚರ್ಡ್ ಥಾಂಪ್ಸನ್ ಮತ್ತು ವಿಲಿಯಂ ಸ್ಪೆನ್ಸರ್ 1966ರಲ್ಲೇ ಬರೆದಿದ್ದಾರೆ: ಪ್ರಚೋದನೆ ಮೆದುವಾದಷ್ಟೂ ಒಗ್ಗಿಕೆ ಬೇಗ ಬರುತ್ತದೆ. ಆ ಲೆಕ್ಕದಲ್ಲಿ ಮೆದು ಗಂಟೆಗೆ ಆಯುಸ್ಸು ಕಡಿಮೆ. ಆದರೆ ಕರ್ಕಶ ಸದ್ದಿಗೆ ಬೇರೊಂದು ಗತಿ ಕಾದಿದೆ. ಅದು ಸಿಟ್ಟು ತರಿಸುತ್ತದೆ, ಮೀಟಿಂಗಿನ ನಡುವೆ ಮುಜುಗರ ಮಾಡುತ್ತದೆ, ಕೊನೆಗೆ ಸೆಟ್ಟಿಂಗ್ಸ್‌ಗೆ ಹೋಗಿ ಆಫ್ ಮಾಡಿಸಿಕೊಳ್ಳುತ್ತದೆ. ಆಸ್ಪತ್ರೆಗಳ ತೀವ್ರ ನಿಗಾ ಘಟಕಗಳಲ್ಲಿ ಯಂತ್ರಗಳ ಬೀಪ್ ಸದ್ದು ದಿನವಿಡೀ ಕೇಳಿ, ನಿಜವಾದ ಅಪಾಯದ ಸದ್ದೂ ನರ್ಸುಗಳ ಗಮನದಿಂದ ಜಾರುವ ಸಮಸ್ಯೆ ಎಷ್ಟು ಗಂಭೀರವಾಯಿತೆಂದರೆ, ಅಮೆರಿಕದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2013ರಲ್ಲಿ ಈ ಬಗ್ಗೆ ಎಚ್ಚರಿಕೆ ಹೊರಡಿಸಿತು. ಜೀವ ಉಳಿಸುವ ಗಂಟೆಗೇ ಕಿವಿ ಮಂದವಾಗುತ್ತದೆಂದ ಮೇಲೆ ಸ್ಟ್ರೆಚಿಂಗ್ ಗಂಟೆಯ ದನಿಯನ್ನು ಏರಿಸುತ್ತಾ ಹೋಗುವುದರಲ್ಲಿ ಅರ್ಥವಿಲ್ಲ.

ನನ್ನ ಮಟ್ಟಿಗೆ ಮೆದು ಗಂಟೆಯೇ ಸರಿ. ಅದರ ಅಲ್ಪಾಯುಸ್ಸನ್ನು ಒಪ್ಪಿಕೊಂಡು, ಅಷ್ಟರೊಳಗೆ ಅದರಿಂದ ಯಾವ ಕೆಲಸ ಮಾಡಿಸಿಕೊಳ್ಳಬೇಕೆಂದು ಯೋಚಿಸುವುದೇ ಈ ಅಧ್ಯಾಯದ ವಿಷಯ.

ಬೆರಳು ಕಲಿತ ಪಾಠ

ಒಗ್ಗಿಕೆ ಅರ್ಧ ಕಥೆ ಮಾತ್ರ. ಮಿದುಳು ಗಂಟೆಯನ್ನು ಸುಮ್ಮನೆ ಕಡೆಗಣಿಸಲಿಲ್ಲ. ಆ ಗಂಟೆಗೆ ಏನು ಮಾಡಬೇಕೆಂಬುದನ್ನು ಅದು ಕಲಿತುಕೊಂಡಿತು.

ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಆ್ಯನ್ ಗ್ರೇಬಿಯಲ್ ಮತ್ತು ಸಂಗಡಿಗರು ಇಲಿಗಳನ್ನು ಇಂಗ್ಲಿಷಿನ ‘ಟಿ’ ಅಕ್ಷರದಂಥ ಓಣಿಯಲ್ಲಿ ಓಡಿಸಿದರು. ದಾರಿಯಲ್ಲಿ ಒಂದು ಸ್ವರ ಕೇಳಿದರೆ ಬಲಕ್ಕೆ, ಇನ್ನೊಂದು ಕೇಳಿದರೆ ಎಡಕ್ಕೆ ತಿರುಗಬೇಕು. ಸರಿಯಾಗಿ ತಿರುಗಿದರೆ ಚಾಕಲೇಟು. ಇಲಿಯ ಮಿದುಳಿನಾಳದಲ್ಲಿರುವ ಸ್ಟ್ರಯೇಟಂ ಎಂಬ ಭಾಗದಲ್ಲಿ ಸಣ್ಣ ತಂತಿಗಳನ್ನಿಟ್ಟು ಕೋಶಗಳ ಮಾತನ್ನು ಕೇಳಿಸಿಕೊಂಡರು. ಆರಂಭದಲ್ಲಿ ಓಟದುದ್ದಕ್ಕೂ, ಅದರಲ್ಲೂ ತಿರುವಿನಲ್ಲಿ, ಆ ಕೋಶಗಳಿಗೆ ಬಿಡುವಿಲ್ಲದ ಕೆಲಸವಿತ್ತು. ಅಭ್ಯಾಸ ಕುದುರುತ್ತಾ ಬಂದಂತೆ ನಡುವಿನ ಗದ್ದಲ ಅಡಗಿತು. ಓಟದ ಆರಂಭದಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಮಾತ್ರ ಕೋಶಗಳು ಚುರುಕಾಗುತ್ತಿದ್ದವು. ನಡುವಿನ ಹೆಜ್ಜೆಗಳೆಲ್ಲ ಸೇರಿ ಒಂದೇ ಗಂಟು. ಆ ಗಂಟನ್ನು ಬಿಚ್ಚುವುದಕ್ಕೆ ಆರಂಭದ ಒಂದು ಸುಳಿವು ಸಾಕು. 1999ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ ರೂಢಿಯ ರಚನೆ ಕಣ್ಣಿಗೆ ಕಟ್ಟಿತು: ಮುಂದೆ ಒಂದು ಸುಳಿವು, ಹಿಂದೆ ಒಂದು ತೃಪ್ತಿ, ನಡುವೆ ಯೋಚನೆ ಬೇಡದ ಕೆಲಸ.

ಈಗ ಸಂಜೆ ಏಳರ ಫೋನನ್ನು ನೋಡಿ. ಟಿಂಗ್ ಎಂಬುದು ಸುಳಿವು. ಅದರ ಬೆನ್ನಿಗೇ ಪ್ರತಿ ಸಲವೂ ನಡೆದ ಕೆಲಸ ಯಾವುದು? ಸ್ಟ್ರೆಚಿಂಗ್ ಕೆಲವು ದಿನ ನಡೆಯಿತು, ಕೆಲವು ದಿನ ಇಲ್ಲ. ಬೆರಳಿನಿಂದ ಸಂದೇಶವನ್ನು ಸರಿಸುವುದು ಮಾತ್ರ ಎಲ್ಲ ದಿನವೂ ನಡೆಯಿತು, ಚಾಪೆ ಹಾಸಿದ ದಿನವೂ ಸೇರಿ. ಸರಿಸಿದೊಡನೆ ಪರದೆ ಸ್ವಚ್ಛವಾಗಿ, ಬಾಕಿಯೊಂದು ತೀರಿದಂತೆ ಹಗುರವಾಗುತ್ತದೆ. ಸುಳಿವು, ಕೆಲಸ, ತೃಪ್ತಿ ಮೂರೂ ಕೂಡಿದ ರೂಢಿ ಸೊಗಸಾಗಿ ಕಟ್ಟಿಕೊಂಡಿತು. ಮಿದುಳಿನ ಕಲಿಕೆಯಲ್ಲಿ ಯಾವ ಕೊರತೆಯೂ ಇಲ್ಲ. ಸಂದೇಶ ಸರಿಸುವುದನ್ನು ಅದು ಬಲು ಚೆನ್ನಾಗಿ ಕಲಿತಿದೆ.

ನೆನಪಿಲ್ಲದವರ ರೂಢಿ

ಇಲ್ಲೊಂದು ಆಕ್ಷೇಪ ಬರಬಹುದು. ರಿಮೈಂಡರ್ ಇರುವುದೇ ನೆನಪಿಸುವುದಕ್ಕೆ. ನೂರು ಸಲ ನೆನಪಿಸಿದರೆ ನೂರೊಂದನೆಯ ಸಲ ತಾನಾಗಿ ನೆನಪಾಗಬೇಡವೇ?

ರೂಢಿ ಎಂಬುದು ಗಟ್ಟಿಯಾದ ನೆನಪು ಎಂದು ನಾವು ಭಾವಿಸುವುದರಿಂದ ಈ ಪ್ರಶ್ನೆ ಹುಟ್ಟುತ್ತದೆ. ಅವೆರಡೂ ಬೇರೆ ಬೇರೆ ಎಂಬುದಕ್ಕೆ ಮನಕಲಕುವ ಸಾಕ್ಷಿಯೊಂದಿದೆ. ಕ್ಯಾಲಿಫೋರ್ನಿಯಾದ ಒಬ್ಬ ವ್ಯಕ್ತಿ, ವೈದ್ಯಕೀಯ ಬರಹಗಳಲ್ಲಿ ಇ.ಪಿ. ಎಂಬ ಹೆಸರಿನಿಂದ ಪರಿಚಿತರಾದವರು, 1992ರಲ್ಲಿ ವೈರಸ್ಸಿನಿಂದ ಬಂದ ಮಿದುಳು ಉರಿಯೂತಕ್ಕೆ ಸಿಕ್ಕಿದರು. ಹೊಸ ನೆನಪುಗಳನ್ನು ಕಟ್ಟಿಡುವ ಹಿಪೊಕ್ಯಾಂಪಸ್ ಎರಡೂ ಬದಿಯಲ್ಲಿ ನಾಶವಾಯಿತು. ನಿನ್ನೆ ಬಂದ ಮನುಷ್ಯನ ಮುಖ ಅವರಿಗೆ ಇಂದು ಹೊಸದು. ಸ್ಯಾನ್ ಡಿಯೇಗೊದ ಲ್ಯಾರಿ ಸ್ಕ್ವೈರ್ ತಂಡ ಅವರ ಮುಂದೆ ಜೋಡಿ ಜೋಡಿಯಾಗಿ ವಸ್ತುಗಳನ್ನಿಟ್ಟಿತು. ಒಟ್ಟು ಎಂಟು ಜೋಡಿ, ಪ್ರತಿ ಜೋಡಿಯಲ್ಲಿ ಒಂದು ಮಾತ್ರ ‘ಸರಿ’. ಆರೋಗ್ಯವಂತರು ಒಂದೆರಡು ಸಲದಲ್ಲಿ ಕಲಿಯುವ ಇದನ್ನು ಇ.ಪಿ. ಅವರಿಂದ ವಾರಗಟ್ಟಲೆ ಮಾಡಿಸಲಾಯಿತು. ಪ್ರತಿ ಸಲವೂ ಅವರಿಗೆ ಅದು ಹೊಸ ಆಟವೇ. ಆದರೂ ನಿಧಾನವಾಗಿ ಅವರ ಕೈ ಸರಿಯಾದ ವಸ್ತುವಿನ ಕಡೆಗೇ ಹೋಗತೊಡಗಿತು. ಏಕೆಂದು ಅವರಿಗೆ ತಿಳಿಯದು. ಕೈಗೆ ತಿಳಿದಿತ್ತು.

ಆ ಪ್ರಯೋಗದ ಕೊನೆಯ ಭಾಗ ನಮಗೆ ಇನ್ನೂ ಮುಖ್ಯವಾದದ್ದು. ಜೋಡಿಗಳನ್ನು ಒಡೆದು ಹದಿನಾರೂ ವಸ್ತುಗಳನ್ನು ಒಟ್ಟಿಗೆ ಮುಂದಿಟ್ಟು ‘ಸರಿಯಾದವನ್ನು ಬೇರೆ ಮಾಡಿ’ ಎಂದಾಗ ಇ.ಪಿ. ಅವರ ಕಲಿಕೆಯೆಲ್ಲ ಕುಸಿಯಿತು. ವಸ್ತುಗಳು ಅವೇ, ಸನ್ನಿವೇಶ ಮಾತ್ರ ಬೇರೆ. 2005ರಲ್ಲಿ ಪ್ರಕಟವಾದ ಈ ಅಧ್ಯಯನದಿಂದ ಎರಡು ಮಾತು ತಿಳಿಯುತ್ತವೆ. ರೂಢಿಗೆ ನೆನಪಿನ ಹಂಗಿಲ್ಲ. ಆದರೆ ಸನ್ನಿವೇಶದ ಹಂಗಿದೆ, ಅದೂ ಬಿಡಿಸಿಕೊಳ್ಳಲಾಗದಷ್ಟು.

ಫೋನಿನ ರಿಮೈಂಡರ್ ಕೈಹಿಡಿಯುವುದು ನೆನಪನ್ನು. ಔಷಧಿಯ ಹೊತ್ತು, ಕರೆಂಟ್ ಬಿಲ್ ಕಟ್ಟುವ ಕೊನೆಯ ದಿನ, ಮಗುವಿನ ಲಸಿಕೆ ಇಂಥವುಗಳಿಗೆ ಅದು ನಿಜಕ್ಕೂ ವರದಾನ. ಸ್ಟ್ರೆಚಿಂಗ್ ದಿನದಿನದ ರೂಢಿಯಾಗಬೇಕಾದರೆ ಕೆಲಸ ಆಗಬೇಕಾದದ್ದು ಮಿದುಳಿನ ಬೇರೆ ಕೋಣೆಯಲ್ಲಿ, ಅಲ್ಲಿಗೆ ಬೇಕಾದದ್ದು ಒಂದೇ ಸನ್ನಿವೇಶದ ಬೆನ್ನಿಗೆ ಒಂದೇ ಕೆಲಸ.

ಲಂಡನ್ನಿನ 96 ಮಂದಿ

ಎಷ್ಟು ದಿನ? ‘21 ದಿನ ಮಾಡಿ, ಅಭ್ಯಾಸವಾಗುತ್ತದೆ’ ಎಂಬ ಮಾತು ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಲೇ ಇರುತ್ತದೆ. ಅದರ ಬೇರು ಇರುವುದು ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಪುಸ್ತಕದಲ್ಲಿ. ಶಸ್ತ್ರಚಿಕಿತ್ಸೆಯಾದ ರೋಗಿಗಳಿಗೆ ತಮ್ಮ ಹೊಸ ಮುಖ ಒಗ್ಗಲು ಕನಿಷ್ಠ ಸುಮಾರು 21 ದಿನ ಬೇಕೆಂದು ಅವರು ಗಮನಿಸಿದ್ದರು. ‘ಕನಿಷ್ಠ’ ಎಂಬುದು ಕಾಲಾಂತರದಲ್ಲಿ ಉದುರಿತು, ಮುಖದ ಮಾತು ಮರೆತುಹೋಯಿತು, ಅಂಕಿ ಉಳಿಯಿತು. ಈ ಅಂಕಿ ಮಾಡುವ ಹಾನಿ ಸಣ್ಣದಲ್ಲ. ಇಪ್ಪತ್ತೆರಡನೆಯ ದಿನವೂ ಚಾಪೆ ಹಾಸಲು ಬೇಸರವಾದರೆ ಮನುಷ್ಯ ತನ್ನಲ್ಲೇ ಏನೋ ಕೊರತೆಯಿದೆ ಎಂದುಕೊಂಡು ಬಿಟ್ಟುಬಿಡುತ್ತಾನೆ.

ಇದನ್ನು ಅಳೆದು ನೋಡಿದವರು ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು. 96 ಮಂದಿ ತಮಗೆ ಬೇಕಾದ ಒಂದೊಂದು ಸಣ್ಣ ಕೆಲಸವನ್ನು ಆರಿಸಿಕೊಂಡರು: ಒಂದು ಹಣ್ಣು ತಿನ್ನುವುದು, ಒಂದು ಲೋಟ ನೀರು ಕುಡಿಯುವುದು, ಸ್ವಲ್ಪ ಓಡುವುದು. ಷರತ್ತು ಒಂದೇ. ದಿನವೂ ಒಂದು ನಿರ್ದಿಷ್ಟ ಸನ್ನಿವೇಶದಲ್ಲಿ, ತಿಂಡಿಯಾದ ಮೇಲೆ ಎಂಬಂತೆ, ಅದನ್ನು ಮಾಡಬೇಕು. 84 ದಿನ, ಪ್ರತಿದಿನವೂ ‘ಇಂದು ಇದನ್ನು ಎಷ್ಟರ ಮಟ್ಟಿಗೆ ಯೋಚಿಸದೆ ಮಾಡಿದೆ’ ಎಂದು ದಾಖಲಿಸಿದರು. ಲೆಕ್ಕಕ್ಕೆ ಚೆನ್ನಾಗಿ ಹೊಂದಿದ 39 ಮಂದಿಯನ್ನು ಸಾಲಾಗಿ ನಿಲ್ಲಿಸಿದರೆ ನಡುವಿನವರಿಗೆ ಬೇಕಾದದ್ದು 66 ದಿನ. ಬೇಗ ಮುಟ್ಟಿದವರಿಗೆ 18, ತಡವಾದವರಿಗೆ 254. ಈ ಕೊನೆಯ ಅಂಕಿ ಕಣ್ಣಾರೆ ಕಂಡದ್ದಲ್ಲ. 84 ದಿನಗಳ ಏರಿಕೆಯನ್ನು ಮುಂದಕ್ಕೆ ಚಾಚಿ ಲೆಕ್ಕ ಹಾಕಿದ್ದು. ನೀರು ಕುಡಿಯುವುದಕ್ಕಿಂತ ವ್ಯಾಯಾಮಕ್ಕೆ ಹೆಚ್ಚು ದಿನ ಹಿಡಿಯಿತು.

ಅಂಕಿಗಿಂತ ಏರಿಕೆಯ ಆಕಾರ ಹೆಚ್ಚು ಕಲಿಸುತ್ತದೆ. ಆರಂಭದ ದಿನಗಳಲ್ಲಿ ಪ್ರತಿ ಸಲದ ಅಭ್ಯಾಸವೂ ರೂಢಿಯನ್ನು ಬಹಳಷ್ಟು ಮೇಲಕ್ಕೆತ್ತುತ್ತದೆ. ಆಮೇಲಾಮೇಲೆ ಏರಿಕೆ ನಿಧಾನವಾಗಿ, ಒಂದು ಮಟ್ಟದಲ್ಲಿ ಸಮವಾಗುತ್ತದೆ. ರಿಮೈಂಡರಿಗೆ ಇನ್ನೂ ಕಿವಿ ಇರುವುದು ಸಹ ಆ ಆರಂಭದ ದಿನಗಳಲ್ಲೇ. ಗಂಟೆಯ ಚಿಕ್ಕ ಆಯುಸ್ಸೂ ರೂಢಿಯ ಕಡಿದಾದ ಏರೂ ಒಂದೇ ಹೊತ್ತಿಗೆ ಬರುವುದು ನಮ್ಮ ಪುಣ್ಯ. ಇನ್ನೊಂದು ಸಮಾಧಾನದ ಮಾತೂ ಅಲ್ಲಿದೆ: ನಡುವೆ ಒಂದು ದಿನ ತಪ್ಪಿದರೆ ಏರಿಕೆಗೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ. ಸರಪಳಿ ತುಂಡಾಯಿತು ಎಂದು ಕೆಂಪು ಬಣ್ಣದಲ್ಲಿ ತೋರಿಸಿ ಹೆದರಿಸುವ ಆ್ಯಪ್‌ಗಳು ಈ ಮಾತನ್ನು ಬಳಕೆದಾರರಿಗೆ ಹೇಳಿದ್ದರೆ ಚೆನ್ನಾಗಿತ್ತು.

ಏಳು ಗಂಟೆಗೆ ಮುಖವಿಲ್ಲ

‘ತಿಂಡಿಯಾದ ಮೇಲೆ’ ಎಂಬುದಕ್ಕೂ ‘ಸಂಜೆ ಏಳಕ್ಕೆ’ ಎಂಬುದಕ್ಕೂ ಮೇಲುನೋಟಕ್ಕೆ ಅಂಥ ಅಂತರವೇನೂ ಕಾಣುವುದಿಲ್ಲ. ಮಿದುಳಿಗೆ ಅವು ಬೇರೆ ಬೇರೆ ಲೋಕ. ತಿಂಡಿ ಮುಗಿದದ್ದಕ್ಕೆ ಗುರುತುಗಳಿವೆ: ಖಾಲಿ ತಟ್ಟೆ, ಕೈ ತೊಳೆಯುವ ನೀರು, ಒಗ್ಗರಣೆಯ ವಾಸನೆ. ಏಳು ಗಂಟೆಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮುಖವಿಲ್ಲ. ಒಂದು ದಿನ ಅದು ಬಸ್ಸಿನಲ್ಲಿ ಬರುತ್ತದೆ, ಇನ್ನೊಂದು ದಿನ ಸಂತೆಯಲ್ಲಿ, ಮತ್ತೊಂದು ದಿನ ಮಗುವಿನ ಹೋಂವರ್ಕಿನ ನಡುವೆ. ಮುಂದೆ ಮಾಡಬೇಕಾದ್ದನ್ನು ನೆನಪಿಡುವ ಶಕ್ತಿಯ ಬಗ್ಗೆ 1990ರಿಂದ ಅಧ್ಯಯನ ಮಾಡಿದ ಗೈಲ್ಸ್ ಐನ್‌ಸ್ಟೈನ್ ಮತ್ತು ಮಾರ್ಕ್ ಮೆಕ್‌ಡೇನಿಯಲ್ ಈ ಎರಡನ್ನೂ ಬೇರೆ ಬೇರೆ ಬಗೆಗಳೆಂದೇ ಗುರುತಿಸಿದರು. ಘಟನೆ ತಾನಾಗಿ ಎದುರಿಗೆ ಬಂದು ಸುಳಿವು ಕೊಡುತ್ತದೆ. ಹೊತ್ತನ್ನು ನಾವೇ ಒಳಗಿನಿಂದ ಕಾಯುತ್ತಿರಬೇಕು.

ಘಟನೆಯ ಬಲ ಎಷ್ಟೆಂದು ವೆಂಡಿ ವುಡ್ ಮತ್ತು ಸಂಗಡಿಗರ ಒಂದು ಪ್ರಯೋಗ ತೋರಿಸಿತು. ಸಿನಿಮಾ ನೋಡಲು ಬಂದವರಿಗೆ ಪಾಪ್‌ಕಾರ್ನ್ ಕೊಟ್ಟರು. ಕೆಲವರಿಗೆ ಆಗ ತಾನೆ ಹುರಿದದ್ದು, ಕೆಲವರಿಗೆ ವಾರದ ಹಿಂದಿನ ಮೆತ್ತಗಾದದ್ದು. ಚಿತ್ರಮಂದಿರದಲ್ಲಿ ಪಾಪ್‌ಕಾರ್ನ್ ತಿನ್ನುವ ರೂಢಿಯಿದ್ದವರು ಹಳಸಲನ್ನೂ ಹೊಸದರಷ್ಟೇ ತಿಂದರು. ಅಂಥದೇ ರೂಢಿಯಿದ್ದ ಬೇರೆಯವರು ಸಭಾಕೋಣೆಯಲ್ಲಿ ಕೂತು ವಿಡಿಯೊ ನೋಡುವಾಗ ಹಳಸಲನ್ನು ಅಷ್ಟು ತಿನ್ನಲಿಲ್ಲ. ಕತ್ತಲ ಹಾಲ್, ದೊಡ್ಡ ಪರದೆ, ಆ ಕುರ್ಚಿ ಕೈಯನ್ನು ಆಡಿಸುತ್ತಿದ್ದವು.

ಜರ್ಮನಿಯ ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಜರ್ ಇದನ್ನೇ ಸಂಕಲ್ಪದ ಮಾತಿಗೆ ಇಳಿಸಿದರು. ‘ದಿನಾ ಸ್ಟ್ರೆಚಿಂಗ್ ಮಾಡುತ್ತೇನೆ’ ಎಂಬ ಸಂಕಲ್ಪಕ್ಕಿಂತ ‘ಇಂಥದ್ದು ಆದಾಗ ಇಂಥದ್ದು ಮಾಡುತ್ತೇನೆ’ ಎಂಬ ಸಂಕಲ್ಪ ಹೆಚ್ಚು ನೆರವೇರುತ್ತದೆಂದು ಅವರು 1990ರ ದಶಕದಲ್ಲಿ ತೋರಿಸಿದರು. ನಿರ್ಧಾರವನ್ನು ಮುಂಚೆಯೇ ಮಾಡಿ ಸನ್ನಿವೇಶದ ಕೈಗೆ ಕೊಟ್ಟುಬಿಡುವುದು ಇದರ ತಿರುಳು.

ಇನ್ನು ಫೋನಿನ ವಿಷಯ. 2015ರಲ್ಲಿ ಲಂಡನ್ನಿನಲ್ಲೇ ಕ್ಯಾಟರ್ಜಿನಾ ಸ್ಟಾವಾರ್ಜ್, ಆ್ಯನಾ ಕಾಕ್ಸ್ ಮತ್ತು ಆ್ಯನ್ ಬ್ಲ್ಯಾಂಡ್‌ಫರ್ಡ್ ರೂಢಿ ಬೆಳೆಸುತ್ತೇವೆನ್ನುವ 115 ಆ್ಯಪ್‌ಗಳನ್ನು ತಡಕಿ ನೋಡಿದರು. ಆಮೇಲೆ 133 ಮಂದಿಯೊಂದಿಗೆ ನಾಲ್ಕು ವಾರಗಳ ಪ್ರಯೋಗ ನಡೆಸಿದರು. ರಿಮೈಂಡರ್ ಬಂದವರು ಕೆಲಸವನ್ನು ಹೆಚ್ಚು ದಿನ ಮಾಡಿದರು. ಆದರೆ ಅದು ಯೋಚಿಸದೆ ನಡೆಯುವ ರೂಢಿಯಾಗುವುದಕ್ಕೆ ಅದೇ ರಿಮೈಂಡರ್ ಅಡ್ಡಿಯಾಯಿತು. ದಿನದ ಯಾವುದೋ ಘಟನೆಗೆ ಕೆಲಸವನ್ನು ಕಟ್ಟಿಕೊಂಡವರಲ್ಲಿ ರೂಢಿ ಚೆನ್ನಾಗಿ ಬೇರುಬಿಟ್ಟಿತು. ಇಲ್ಲಿಯವರೆಗೆ ಕಂಡದ್ದೆಲ್ಲ ಈ ಫಲಿತಾಂಶದಲ್ಲಿ ಕೂಡಿಕೊಳ್ಳುತ್ತದೆ. ಕೆಲಸದ ಮುಂದೆ ಯಾವುದು ನಿಂತಿದೆಯೋ ಅದಕ್ಕೆ ಮಿದುಳು ಗಂಟು ಹಾಕುತ್ತದೆ. ಗಂಟೆಯೇ ಮುಂದೆ ನಿಂತರೆ ಗಂಟೆಗೆ ಹಾಕುತ್ತದೆ. ಒಗ್ಗಿಕೆಯಿಂದ ಗಂಟೆ ಮಂಕಾದಾಗ ಆ ಗಂಟೂ ಸಡಿಲವಾಗುತ್ತದೆ.

ಸ್ಟ್ರೆಚಿಂಗ್ ಏಕೆ ಕಷ್ಟ

ಹಲ್ಲುಜ್ಜಿದರೆ ಬಾಯಿ ಆಗಲೇ ತಾಜಾ ಎನ್ನಿಸುತ್ತದೆ. ಗುಡಿಸಿದರೆ ನೆಲ ಆಗಲೇ ಕಾಣುತ್ತದೆ. ಸ್ಟ್ರೆಚಿಂಗ್‌ನ ಫಲ ವಾರಗಳಾಚೆ ಇದೆ. ಒಂದು ದಿನದ ಅಭ್ಯಾಸಕ್ಕೆ ಕಣ್ಣಿಗೆ ಕಾಣುವ ಸಾಕ್ಷಿಯಿಲ್ಲ.

ವಾರಗಳಾಚೆ ಆಗುವುದಾದರೂ ಏನು? ದಿನಾ ಎಳೆದರೆ ಸ್ನಾಯು ಉದ್ದವಾಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಮೊದಲ ಕೆಲವು ವಾರಗಳಲ್ಲಿ ಹೆಚ್ಚಾಗಿ ನಡೆಯುವುದು ಬೇರೆ ಎಂದು ಸಿಂಥಿಯಾ ವೆಪ್ಲರ್ ಮತ್ತು ಪೀಟರ್ ಮ್ಯಾಗ್ನುಸ್ಸನ್ 2010ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ವಾದಿಸಿದರು. ಸ್ನಾಯು ಬಹುತೇಕ ಹಾಗೆಯೇ ಇರುತ್ತದೆ. ‘ಇಷ್ಟಕ್ಕೆ ಸಾಕು, ಇನ್ನು ನೋಯುತ್ತದೆ’ ಎಂದು ನರಮಂಡಲ ಎಳೆಯುವ ಗೆರೆ ಹಿಂದೆ ಸರಿಯುತ್ತದೆ. ನಿನ್ನೆ ಮೊಣಕಾಲಿನ ಬಳಿ ನಿಂತಿದ್ದ ಬೆರಳು ಇಂದು ಮೀನಖಂಡದವರೆಗೆ ಇಳಿಯುವುದು ಆ ಎಳೆತವನ್ನು ಮೈ ಈಗ ಅಪಾಯವೆಂದು ಎಣಿಸದಿರುವುದರಿಂದ. ಹೆದರಿದ ನರಕ್ಕೆ ದಿನವೂ ಸ್ವಲ್ಪ ಸ್ವಲ್ಪ ಧೈರ್ಯ ತುಂಬುವ ಕೆಲಸ ಇದು. ಜಗ್ಗಿ ಎಳೆದರೆ ಸ್ನಾಯುವಿನೊಳಗಿನ ಸಂವೇದಕಗಳು ಎಚ್ಚೆತ್ತು ಸ್ನಾಯುವನ್ನು ಇನ್ನಷ್ಟು ಬಿಗಿಸುತ್ತವೆ. ಆದ್ದರಿಂದ ಜಗ್ಗುವುದು ಬೇಡ, ನೋವಿನ ಅಂಚು ದಾಟುವುದು ಬೇಡ. ಬೆನ್ನುಹುರಿಯ ಡಿಸ್ಕ್ ಸಮಸ್ಯೆ ಇರುವವರು, ಕಾಲಿಗೆ ಜೋಮು ಇಳಿಯುವವರು ವೈದ್ಯರನ್ನೋ ಫಿಸಿಯೋಥೆರಪಿಸ್ಟನ್ನೋ ಕೇಳದೆ ಯಾವುದನ್ನೂ ಆರಂಭಿಸಬಾರದು.

ಬೇಕಾದ ಹೊತ್ತು ಬಹಳ ಕಡಿಮೆ ಎಂಬುದು ಒಳ್ಳೆಯ ಸುದ್ದಿ. ತೊಡೆಯ ಹಿಂಭಾಗದ ಸ್ನಾಯುವನ್ನು ದಿನಕ್ಕೊಮ್ಮೆ 30 ಸೆಕೆಂಡು ಹಿಡಿದಿಟ್ಟವರಿಗೂ 60 ಸೆಕೆಂಡು ಹಿಡಿದಿಟ್ಟವರಿಗೂ ಆರು ವಾರಗಳ ಕೊನೆಗೆ ಒಂದೇ ಲಾಭವಾದದ್ದನ್ನು ವಿಲಿಯಂ ಬ್ಯಾಂಡಿ ಮತ್ತು ಜೀನ್ ಇರಿಯನ್ 1994ರಲ್ಲಿ ವರದಿ ಮಾಡಿದರು. ಅಮೆರಿಕದ ಕ್ರೀಡಾ ವೈದ್ಯ ಕಾಲೇಜಿನ ಸಲಹೆಯೂ ಇದಕ್ಕೆ ಹತ್ತಿರದ್ದು: ಒಂದು ಸಲಕ್ಕೆ 10ರಿಂದ 30 ಸೆಕೆಂಡು, ವಾರಕ್ಕೆ ಕನಿಷ್ಠ ಎರಡು ಮೂರು ದಿನ. ಅಂದಮೇಲೆ ದಿನವೂ ಏಕೆ? ಮೈಗೆ ವಾರಕ್ಕೆ ಮೂರು ದಿನ ಸಾಕಾಗಬಹುದು, ರೂಢಿಗೆ ಸಾಲದು. ದಿನವೂ ಬರುವ ಘಟನೆಗೆ ಕಟ್ಟಿದ ಕೆಲಸಕ್ಕೆ ‘ಇವತ್ತು ಮಂಗಳವಾರವೋ ಬುಧವಾರವೋ’ ಎಂಬ ಯೋಚನೆ ಬೇಕಾಗುವುದಿಲ್ಲ.

ಸೆಂಟ್ರಿಂಗ್ ಬಿಚ್ಚುವ ಹೊತ್ತು

ಆರ್‌ಸಿಸಿ ಮನೆ ಕಟ್ಟಿಸಿದವರಿಗೆ ಸೆಂಟ್ರಿಂಗ್ ಗೊತ್ತು. ಹಲಗೆ ಹೊಡೆದು, ಕೆಳಗೆ ಕಂಬ ಕೊಟ್ಟು, ಮೇಲೆ ಕಾಂಕ್ರೀಟು ಸುರಿಯುತ್ತಾರೆ. ಹಸಿ ಕಾಂಕ್ರೀಟಿನ ಭಾರವನ್ನು ಅಷ್ಟು ದಿನ ಹೊರುವುದು ಆ ಹಲಗೆ. ಒಳಗೆ ಕಾಂಕ್ರೀಟು ಕಬ್ಬಿಣದ ಸರಳುಗಳನ್ನು ಹಿಡಿದು ಗಟ್ಟಿಯಾಗುತ್ತಾ ಬರುತ್ತದೆ. ರಿಮೈಂಡರಿನ ಜಾಗ ಆ ಹಲಗೆಯದು. ಸರಳುಗಳೇ ಇಲ್ಲದೆ ಸುರಿದ ಕಾಂಕ್ರೀಟಿನ ಕೆಳಗೆ ಎಷ್ಟು ದಿನ ಹಲಗೆ ಇಟ್ಟರೂ ಬಿಚ್ಚಿದ ದಿನ ಸೂರು ನಿಲ್ಲದು. ಆ ಸರಳುಗಳು ದಿನದ ಘಟನೆಗಳು.

ಹಾಗಾಗಿ ಮೊದಲು ಆರಿಸಬೇಕಾದದ್ದು ಘಟನೆಯನ್ನು. ಅದು ರಜೆಯ ದಿನವೂ ತಪ್ಪಬಾರದು, ಎಲ್ಲಿ ಮುಗಿಯಿತೆಂಬುದು ಸ್ಪಷ್ಟವಿರಬೇಕು, ಮುಗಿದಾಗ ಮೈ ಚಾಚುವುದಕ್ಕೆ ಜಾಗವಿರಬೇಕು. ನನಗೆ ತುಂಬ ಹಿಡಿಸಿದ್ದು ಅಡುಗೆಮನೆಯ ಕಟ್ಟೆ. ಬೆಳಿಗ್ಗೆ ಒಲೆಯ ಮೇಲೆ ಕಾಫಿಗೆ ಹಾಲಿಟ್ಟ ಮೇಲೆ ಎರಡು ಮೂರು ನಿಮಿಷ ಅಲ್ಲೇ ನಿಲ್ಲಬೇಕು, ಇಲ್ಲದಿದ್ದರೆ ಉಕ್ಕುತ್ತದೆ. ಎರಡೂ ಕೈ ಕಟ್ಟೆಯ ಮೇಲೂರಿ, ಒಂದು ಕಾಲನ್ನು ಹಿಂದಕ್ಕೆ ಚಾಚಿ, ಹಿಮ್ಮಡಿಯನ್ನು ನೆಲಕ್ಕೊತ್ತಿದರೆ ಮೀನಖಂಡ ಎಳೆಯುತ್ತದೆ. 30 ಸೆಕೆಂಡು ಆ ಕಾಲು, 30 ಸೆಕೆಂಡು ಈ ಕಾಲು. ಹಾಲು ಉಕ್ಕುವುದರೊಳಗೆ ಕೆಲಸ ಮುಗಿದಿರುತ್ತದೆ, ಬೆನ್ನಿಗೇ ಬಿಸಿ ಕಾಫಿ ಸಿಗುತ್ತದೆ. ವಾರಗಳಾಚೆ ಇದ್ದ ಫಲಕ್ಕೆ ಬದಲು ಆ ಕ್ಷಣದ್ದೇ ಒಂದು ತೃಪ್ತಿ ಒದಗಿತು. ಬೆಳಿಗ್ಗೆ ಒಲೆಯ ಮುಂದೆ ನಿಲ್ಲದವರಿಗೆ ಸ್ನಾನ ಮುಗಿಸಿ ಟವೆಲ್ ಒಣಹಾಕುವ ಕ್ಷಣ ಒಳ್ಳೆಯದು. ಬಿಸಿನೀರಿನಿಂದ ಮೈ ಸಡಿಲವಾಗಿಯೂ ಇರುತ್ತದೆ.

ರಿಮೈಂಡರಿನಲ್ಲಿ ಬರೆಯುವ ಮಾತೂ ಇದಕ್ಕೆ ತಕ್ಕಂತಿರಲಿ. ‘ಸ್ಟ್ರೆಚಿಂಗ್ ಮಾಡಿ’ ಎಂದು ಬರೆದರೆ ಕೆಲಸ ಗಂಟೆಗೆ ಅಂಟಿಕೊಳ್ಳುತ್ತದೆ. ‘ಹಾಲಿಟ್ಟ ಮೇಲೆ ಕಾಲು ಚಾಚು’ ಎಂದು ಬರೆದರೆ ಕಣ್ಣು ಹಾಲಿನ ಪಾತ್ರೆಯನ್ನು ಹುಡುಕುತ್ತದೆ. ಗಂಟೆ ಬರಬೇಕಾದದ್ದು ಹಾಲಿಡುವ ಹೊತ್ತಿಗಿಂತ ಐದು ಹತ್ತು ನಿಮಿಷ ಮೊದಲು, ಏಕೆಂದರೆ ಕೆಲಸದ ಮುಂದೆ ಕೊನೆಯದಾಗಿ ನಿಂತಿರಬೇಕಾದದ್ದು ಹಾಲು, ಗಂಟೆಯಲ್ಲ. ಸಂದೇಶವನ್ನು ಸರಿಸಿದರೂ ಈಗ ನಷ್ಟವಿಲ್ಲ. ಸರಿಸಿದ ಬೆರಳಿಗೆ ಅಲ್ಲಿಗೆ ಕೆಲಸ ಮುಗಿದರೂ, ಹಾಲು ಎದುರಿಗೆ ಬಂದೇ ಬರುತ್ತದೆ.

ಕೆಲವು ವಾರ ಕಳೆದ ಮೇಲೆ ಗಂಟೆಯನ್ನು ಹಾಲಿನ ಹೊತ್ತಿಗಿಂತ ಮುಂದಕ್ಕೆ, ಅರ್ಧ ಗಂಟೆ ತಡವಾಗಿ ಇಟ್ಟುನೋಡಿ. ಗಂಟೆ ಬರುವ ಹೊತ್ತಿಗೆ ಕಾಲು ಚಾಚಿ ಮುಗಿದಿದ್ದರೆ ಕಾಂಕ್ರೀಟು ಹಿಡಿದಿದೆ. ಮುಗಿದಿರದಿದ್ದರೆ ಮತ್ತೆ ಹಿಂದಕ್ಕೆ ಸರಿಸಿ ಇನ್ನೊಂದೆರಡು ವಾರ ಬಿಡಿ, ಅದರಲ್ಲಿ ಸೋಲೇನಿಲ್ಲ. ಮುಗಿದಿರುವ ದಿನಗಳೇ ಹೆಚ್ಚಾದಾಗ ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಮ್ಮೆ, ಆಮೇಲೆ ಅಳಿಸಿಬಿಡಿ. ಒಳ್ಳೆಯ ಆ್ಯಪ್ ಇದನ್ನು ತಾನಾಗಿಯೇ ಮಾಡಬೇಕಿತ್ತು. ಹೆಚ್ಚು ದಿನ ಬಳಸಿಕೊಂಡಷ್ಟೂ ಲಾಭವೆಂಬ ಲೆಕ್ಕದಲ್ಲಿ ಕಟ್ಟಿದ ಆ್ಯಪ್‌ಗೆ ತನ್ನನ್ನು ತಾನೇ ಅಗತ್ಯವಿಲ್ಲದಂತೆ ಮಾಡಿಕೊಳ್ಳುವ ಉದ್ದೇಶವಿರುವುದಿಲ್ಲ. ಹಾಗಾಗಿ ಬಿಚ್ಚುವ ಕೆಲಸ ನಮ್ಮದೇ.

ಮನೆ ಬದಲಾದಾಗ, ಮದುವೆಗೆಂದು ಹದಿನೈದು ದಿನ ಊರಿಗೆ ಹೋದಾಗ ಇದು ಕುಸಿಯುವುದು ಸಹಜ. ಅಲ್ಲಿ ಹಾಲಿಡುವವರು ಬೇರೆ, ಕಟ್ಟೆ ಬೇರೆ. ಬೇರೆ ವಿಶ್ವವಿದ್ಯಾಲಯಕ್ಕೆ ವರ್ಗವಾದ ವಿದ್ಯಾರ್ಥಿಗಳನ್ನು ವೆಂಡಿ ವುಡ್ ತಂಡ ಹಿಂಬಾಲಿಸಿದಾಗಲೂ ಹೀಗೇ ಕಂಡಿತು. ಹೊಸ ಊರಿನ ಸನ್ನಿವೇಶ ಹಳೆಯದನ್ನು ಹೋಲುತ್ತಿದ್ದರೆ ರೂಢಿ ಉಳಿಯಿತು, ಇಲ್ಲದಿದ್ದರೆ ಮತ್ತೆ ಮನಸ್ಸಿನ ಸಂಕಲ್ಪವೇ ನಡೆಸಬೇಕಾಯಿತು. ಹೊಸ ಮನೆಯಲ್ಲಿ ಹೊಸ ಘಟನೆ ಹುಡುಕಿ, ಗಂಟೆಯನ್ನು ಕೆಲವು ವಾರ ಮತ್ತೆ ಕರೆಸಿಕೊಳ್ಳಿ. ಇಷ್ಟು ದಿನ ಅದರಿಂದ ದೂರವಿದ್ದುದರಿಂದ ಕಿವಿಗೂ ಅದು ಸ್ವಲ್ಪ ಹೊಸದಾಗಿರುತ್ತದೆ. ಒಗ್ಗಿದ ಪ್ರಚೋದನೆಯನ್ನು ಕೆಲಕಾಲ ನಿಲ್ಲಿಸಿದರೆ ಸ್ಪಂದನ ಮರಳುತ್ತದೆ ಎಂಬುದೂ ಥಾಂಪ್ಸನ್–ಸ್ಪೆನ್ಸರ್ ಪಟ್ಟಿಯಲ್ಲಿದೆ.

ಒಂದು ಸ್ಟ್ರೆಚ್ ನೆಲೆಯೂರಿದ ಮೇಲೆ ಎರಡನೆಯದಕ್ಕೆ ಫೋನನ್ನು ಮುಟ್ಟಬೇಕಿಲ್ಲ. ಮೈಸೂರಿನಿಂದ ಜಗತ್ತಿಗೆ ಹೋದ ಅಷ್ಟಾಂಗ ಯೋಗದ ಪದ್ಧತಿಯಲ್ಲಿ ಆಸನಗಳ ಕ್ರಮ ಬದಲಾಗುವುದೇ ಇಲ್ಲ. ವಾರದಲ್ಲಿ ಆರು ದಿನವೂ ಅದೇ ಸರಣಿ, ಗುರು ಒಂದೊಂದೇ ಆಸನವನ್ನು ಸರಣಿಯ ತುದಿಗೆ ಸೇರಿಸುತ್ತಾ ಹೋಗುತ್ತಾರೆ. ಒಂದು ಆಸನದ ಕೊನೆಯೇ ಮುಂದಿನದರ ಸುಳಿವು. ಹಾಗೆಯೇ ಎರಡನೆಯ ಕಾಲಿನ ಸರದಿ ಮುಗಿದದ್ದೇ ಎರಡೂ ಕೈ ಬೆನ್ನ ಹಿಂದೆ ಹೆಣೆದು ಎದೆ ತೆರೆಯುವುದಕ್ಕೆ ಸುಳಿವಾಗಬಹುದು. ಅದು ಹಿಡಿದ ಮೇಲೆ ಕತ್ತಿನ ಸರದಿ. ಹಾಲು ಕಾಯುವ ಮೂರು ನಿಮಿಷದಲ್ಲಿ ಇವಿಷ್ಟಕ್ಕೂ ಜಾಗವಿದೆ.